ಕಾಲೇಜ್ ಅಪ್ಲಿಕೇಶನ್ ಜೊತೆ ಆರ್ಟ್ಸ್ ಪೋರ್ಟ್‌ಫೋಲಿಯೊ ಕಳಿಸ್ಬೇಕಾ?

ನಮಸ್ಕಾರ ಎಲ್ರಿಗೂ. ಅಮೆರಿಕದ ಟಾಪ್ ಕಾಲೇಜುಗಳಿಗೆ ಅಪ್ಲೈ ಮಾಡೋ ಮಕ್ಕಳಿಗೆ ಬರೋ ಡೌಟು ಇದು: ಓದೋಕೆ ಹೋಗ್ತಿರೋದು ಕಂಪ್ಯೂಟರ್ ಸೈನ್ಸು, ಆದ್ರೆ ಚಿಕ್ಕಂದಿನಿಂದ ವಯಲಿನ್ ನುಡಿಸ್ತೀನಿ, ಆ ರೆಕಾರ್ಡಿಂಗೂ ಕಳಿಸ್ಲಾ? ಇಂಥ ರೆಕಾರ್ಡಿಂಗು, ಪೇಂಟಿಂಗ್ ಫೋಟೋ, ಹೀಗೆ ನಿಮ್ಮ ಕಲೆಯ ಸ್ಯಾಂಪಲ್‌ಗಳನ್ನ ಸೇರಿಸಿ ಕಳಿಸೋದೇ ಆರ್ಟ್ಸ್ ಪೋರ್ಟ್‌ಫೋಲಿಯೊ.

ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಥರದ ಆರ್ಟ್ ಕಾಲೇಜಾದ್ರೆ ಪ್ರಶ್ನೆನೇ ಇಲ್ಲ, ಅಲ್ಲಿ ಪೋರ್ಟ್‌ಫೋಲಿಯೊ ಕಡ್ಡಾಯ, 12ರಿಂದ 20 ವರ್ಕ್ ಕೇಳ್ತಾರೆ. ಯೇಲ್, ಪ್ರಿನ್ಸ್‌ಟನ್, ಎಂಐಟಿಲಿ ಆಪ್ಷನಲ್. ಕಳಿಸ್ಲಿಲ್ಲ ಅಂತ ಯಾರೂ ನಿಮ್ಮನ್ನ ಕಡಿಮೆ ಮಾಡಿ ನೋಡಲ್ಲ.

ಈಗ ಮುಖ್ಯವಾದ ವಿಷ್ಯ. ಇದನ್ನ ನೋಡೋದು ಅಡ್ಮಿಶನ್ ಆಫೀಸರ್ ಒಬ್ರೇ ಅಲ್ಲ, ಸಾಮಾನ್ಯವಾಗಿ ಆ ಕಾಲೇಜಿನ ಮ್ಯೂಸಿಕ್ ಅಥವಾ ಆರ್ಟ್ ಪ್ರೊಫೆಸರ್‌ಗಳಿಗೇ ಹೋಗುತ್ತೆ, ಅವ್ರು ದಿನಾ ಒಳ್ಳೊಳ್ಳೆ ಸ್ಟೂಡೆಂಟ್ಸ್ ಜೊತೆ ಕೆಲಸ ಮಾಡೋರು, ಅವ್ರ ಅಭಿಪ್ರಾಯ ನಿಮ್ಮ ಫೈಲಿಗೆ ಸೇರುತ್ತೆ, ಅದು "ಪರ್ವಾಗಿಲ್ಲ" ಅಂತ ಬಂದ್ರೆ ನಿಮಗೆ ಲಾಭ ಇಲ್ಲ, ಕೆಲವೊಮ್ಮೆ ನಷ್ಟಾನೇ. ಬರೀ ಹವ್ಯಾಸ ಆಗಿದ್ರೆ ಅಪ್ಲಿಕೇಶನ್ನಲ್ಲಿರೋ ಆ್ಯಕ್ಟಿವಿಟೀಸ್ ಲಿಸ್ಟಲ್ಲಿ ಬರೆದ್ರೆ ಸಾಕು. ಮನೆಯವ್ರನ್ನ ಕೇಳ್ಬೇಡಿ ದಯವಿಟ್ಟು, ಅವ್ರಿಗೆ ನೀವು ಏನ್ ಮಾಡಿದ್ರೂ ಚಂದ. ನಿಮ್ಮ ಗುರುಗಳನ್ನ ನೇರವಾಗಿ ಕೇಳಿ.

(ಸ್ಕ್ರೀನ್ ಮೇಲೆ: ಒಂದೇ ಪೇಂಟಿಂಗಿನ ಎರಡು ಫೋಟೋ)

ಕಳಿಸೋದೇ ಆದ್ರೆ, ಬೆಸ್ಟ್ ಯಾವ್ದೋ ಅದೇ ಮೊದ್ಲು ಇರ್ಲಿ, ಕೊನೆವರೆಗೂ ಕೇಳ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಪೇಂಟಿಂಗಾದ್ರೆ ಗ್ಲಾಸ್ ಫ್ರೇಮಿಂದ ಹೊರಗೆ ತೆಗೆದು, ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ದೆ, ಕ್ಯಾಮೆರಾ ನೆಟ್ಟಗೆ ಹಿಡಿದು ಫೋಟೋ ತೆಗೀರಿ. ಎಡಗಡೆ ಫೋಟೋ ನೋಡಿ, ಫ್ಲ್ಯಾಶ್ ಬಿದ್ದು ನೀಲಿ ಬಣ್ಣನೇ ಮಾಯ ಆಗಿದೆ, ಎಷ್ಟು ದಿನದ ಕೆಲಸ ಅದು, ಹೊಟ್ಟೆ ಉರಿಯುತ್ತೆ. ಸಂಗೀತ ಆದ್ರೆ ಒಂದಕ್ಕೊಂದು ಬೇರೆ ಥರದ ಎರಡು ಪೀಸ್ ಆರಿಸ್ಕೊಳ್ಳಿ, ಮಧ್ಯೆ ಕಟ್ ಮಾಡಿ ಅಂಟಿಸ್ಬೇಡಿ.

ತುಂಬಾ ಕಾಲೇಜುಗಳು ಸ್ಲೈಡ್‌ರೂಮ್ ಅನ್ನೋ ಸೈಟಲ್ಲಿ ತಗೊಳ್ತವೆ. ಕಾಮನ್ ಆ್ಯಪಲ್ಲಿ (ಒಂದೇ ಫಾರ್ಮಲ್ಲಿ ತುಂಬಾ ಕಾಲೇಜಿಗೆ ಅಪ್ಲೈ ಮಾಡೋ ಸೈಟು) ಸಬ್ಮಿಟ್ ಒತ್ತಿದ್ರೆ ಇದೂ ಹೋಯ್ತು ಅಂದ್ಕೋಬೇಡಿ, ಇದನ್ನ ಬೇರೆನೇ ಸಬ್ಮಿಟ್ ಮಾಡ್ಬೇಕು. ಡೆಡ್‌ಲೈನೂ ಬೇರೆ ಇರ್ಬೋದು, ಎಷ್ಟು ನಿಮಿಷ, ಎಷ್ಟು ಫೈಲ್ ಅನ್ನೋದೂ ಒಂದೊಂದು ಕಾಲೇಜಲ್ಲಿ ಒಂದೊಂದು ಥರ, ಅವ್ರ ಪೇಜಲ್ಲೇ ನೋಡ್ಕೊಳ್ಳಿ. ಕಳಿಸಿದ್ಮೇಲೆ ಫೈಲ್ ಬದಲಾಯಿಸೋದು ಕಷ್ಟ, ಅದಕ್ಕೆ ಅಪ್‌ಲೋಡ್ ಆದ ಪ್ರತಿ ಫೈಲನ್ನೂ ಅಲ್ಲೇ ಓಪನ್ ಮಾಡಿ, ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿ, ಆಮೇಲೆ ಸಬ್ಮಿಟ್ ಒತ್ತಿ.