ವಿದುರಾಶ್ವತ್ಥದವರು ಹಿಡಿದ ಬಾವುಟ

ಕೇಳುಗರಿಗೆ ನಮಸ್ಕಾರ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವಿದುರಾಶ್ವತ್ಥದ ಹೆಸರು ಕೇಳದವರು ಕಡಿಮೆ. ಗೌರಿಬಿದನೂರು ತಾಲ್ಲೂಕಿನ ಊರು, ಆಂಧ್ರದ ಹಿಂದೂಪುರಕ್ಕೆ ಹತ್ತಿರ. ಅಶ್ವತ್ಥನಾರಾಯಣ ಸ್ವಾಮಿ ಗುಡಿ, ಸಾಲು ಸಾಲು ನಾಗರಕಲ್ಲು, ಪಕ್ಕದಲ್ಲಿ ಉತ್ತರ ಪಿನಾಕಿನಿ. ನಾಗರ ಪ್ರತಿಷ್ಠೆ ಮಾಡಿಸಲು ದೂರದಿಂದ ಜನ ಬರುತ್ತಾರೆ. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಆ ಜಾಗಕ್ಕೆ ಹೆಸರು ಬಂದದ್ದು ಆಗಲೇ.

ಪ್ರತಿ ವರ್ಷ ಆ ದಿನ ಭಾಷಣಗಳಲ್ಲಿ ಒಂದು ಮಾತು ಬರುತ್ತದೆ. ರಾಷ್ಟ್ರಧ್ವಜ ಹಾರಿಸಲು ಹೋಗಿ ಪ್ರಾಣ ಕೊಟ್ಟರು ಅಂತ. ಮಾತಿನ ಹಿಂದಿರುವ ಗೌರವ ದೊಡ್ಡದು. ಆದರೆ 1938ರಲ್ಲಿ ಭಾರತಕ್ಕೆ ಇಂದಿನ ರಾಷ್ಟ್ರಧ್ವಜ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಕಾಂಗ್ರೆಸ್ ಬಾವುಟ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ಬಿಳಿಯ ಮೇಲೆ ಚಕ್ರ ಅಲ್ಲ, ಚರಕ. ಈ ವ್ಯತ್ಯಾಸ ಹೇಳಿದರೆ ಅವರ ತ್ಯಾಗ ಕಿರಿದಾಗುತ್ತದೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಈಗ ತ್ರಿವರ್ಣ ಧ್ವಜದ ಬೆನ್ನಿಗೆ ಸರ್ಕಾರ ಇದೆ. ಅವಮಾನ ಮಾಡಿದರೆ ಶಿಕ್ಷೆ ಕೊಡಲು 1971ರ ಕಾಯ್ದೆ ಇದೆ. ಆಗ ಆ ಬಟ್ಟೆಯ ಬೆನ್ನಿಗೆ ಇದ್ದದ್ದು ಹಿಡಿದವರ ನಂಬಿಕೆ ಮಾತ್ರ.

ಆಗ ನಮ್ಮದು ಮೈಸೂರು ಸಂಸ್ಥಾನ. ಮಹಾರಾಜರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನಕ್ಕೆ ತನ್ನದೇ ಬಾವುಟ ಇತ್ತು. ಇಲ್ಲಿ ಇನ್ನೊಂದು ಬಾವುಟ ಏರಬಾರದು ಅನ್ನುವುದು ಸರ್ಕಾರದ ನಿಲುವು. ಮೈಸೂರು ಕಾಂಗ್ರೆಸ್ಸಿನವರು ಒಪ್ಪಲಿಲ್ಲ. ಏಪ್ರಿಲ್ 11ರಂದು ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಬಾವುಟ ಏರಿಸಿ ಬಂಧನಕ್ಕೆ ಒಳಗಾದರು. ಅಲ್ಲಿಂದ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು. ಎರಡು ವಾರದಲ್ಲಿ ವಿದುರಾಶ್ವತ್ಥದ ಸರದಿ. ಅದು ಜಾತ್ರೆಯ ಕಾಲ. ಆಗ ಗೌರಿಬಿದನೂರು ಕೋಲಾರ ಜಿಲ್ಲೆಗೆ ಸೇರಿತ್ತು. ಸಭೆ ಸೇರಬಾರದು ಎಂಬ ನಿಷೇಧಾಜ್ಞೆ ಇದ್ದರೂ ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದರು. ಬಂದವರಲ್ಲಿ ಹೆಚ್ಚಿನವರು ಬೇಸಾಯಗಾರರು. ಪೊಲೀಸರ ಗುಂಡಿಗೆ ಸತ್ತವರು ಹತ್ತು ಜನ ಅಂತ ಸರ್ಕಾರ ಹೇಳಿತು. ಮೂವತ್ತಕ್ಕೂ ಜಾಸ್ತಿ ಅಂತ ಜನ ಹೇಳಿದರು.

ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಮೈಸೂರು ಸರ್ಕಾರದ ಜೊತೆ ಮಾತಿಗೆ ಬಂದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದ ಆಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದು ಸರ್ಕಾರ ಒಪ್ಪಿತು. ಇದು ವಿದುರಾಶ್ವತ್ಥದ ರಕ್ತ ತಂದುಕೊಟ್ಟ ಹಕ್ಕು. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಸಿಗುತ್ತದೆ, ಒಂದು ಪಾಠವೇ ಸಿಗಬೇಕಿತ್ತು.

ಇನ್ನು ಬಣ್ಣಗಳ ಅರ್ಥ. ಕೇಸರಿ ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ಬಿಳಿ ಉಳಿದವರದ್ದು ಅಂತ ಇವತ್ತಿಗೂ ಹೇಳುವವರಿದ್ದಾರೆ. ಈ ಮಾತು ಎಲ್ಲಿಂದಲೋ ಉದುರಿದ್ದಲ್ಲ. 1921ರಲ್ಲಿ ಪಿಂಗಳಿ ವೆಂಕಯ್ಯನವರು ವಿಜಯವಾಡದಲ್ಲಿ ಗಾಂಧೀಜಿಗೆ ಕೊಟ್ಟ ಬಾವುಟದಲ್ಲಿ ಕೆಂಪು ಮತ್ತು ಹಸಿರು ಎರಡು ಸಮುದಾಯಗಳ ಗುರುತಾಗಿದ್ದವು. ಉಳಿದವರಿಗಾಗಿ ಬಿಳಿ ಸೇರಿಸಲು ಗಾಂಧೀಜಿ ಹೇಳಿದರು. ಆಮೇಲೆ ತಕರಾರು ಎದ್ದಿತು. ನಮ್ಮ ಬಣ್ಣ ಎಲ್ಲಿ ಅಂತ ಸಿಖ್ಖರು ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಹಾಗೆ ಹಂಚುತ್ತಾ ಹೋದರೆ ಬಾವುಟ ಎಷ್ಟು ಅಗಲ ಇದ್ದರೂ ಸಾಲುವುದಿಲ್ಲ ಅಲ್ವಾ? 1931ರಲ್ಲಿ ಕಾಂಗ್ರೆಸ್ ಕೆಂಪಿನ ಜಾಗಕ್ಕೆ ಕೇಸರಿ ತಂದಿತು. ಬಣ್ಣಗಳಿಗೂ ಜಾತಿ ಮತಕ್ಕೂ ಸಂಬಂಧ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಸತ್ಯ ಮತ್ತು ಶಾಂತಿ. ಇದು ವಿದುರಾಶ್ವತ್ಥಕ್ಕೆ ಏಳು ವರ್ಷ ಮೊದಲಿನ ಮಾತು. ಅಂದರೆ ನಮ್ಮ ಹಳ್ಳಿಗಳ ಜನ ಎತ್ತಿ ಹಿಡಿದದ್ದು ಯಾವ ಮತದ ಪಾಲೂ ಇಲ್ಲದ ಬಾವುಟ. ಅದಕ್ಕೆ ಮತಗಳ ಲೆಕ್ಕ ಹಚ್ಚಿ ಮಕ್ಕಳಿಗೆ ಹೇಳಿಕೊಡುವುದು ನನಗೆ ನಿಜಕ್ಕೂ ನೋವು ತರುತ್ತದೆ.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಅವರು ಧ್ವಜದ ನಿರ್ಣಯ ಮಂಡಿಸಿದರು. ಅದರ ಮಾತುಗಳು ತುಂಬಾ ಸರಳ. ಕಡು ಕೇಸರಿ, ಬಿಳಿ, ಕಡು ಹಸಿರು, ಮೂರೂ ಸಮ. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು. ನಡುವೆ ಕಡು ನೀಲಿಯ ಚಕ್ರ. ಆ ಚಕ್ರ ಚರಕವನ್ನು ಪ್ರತಿನಿಧಿಸುತ್ತದೆ ಎಂದು ನಿರ್ಣಯದಲ್ಲೇ ಬರೆದಿದೆ. ರೂಪ ಮಾತ್ರ ಸಾರನಾಥದ ಅಶೋಕ ಸ್ತಂಭದ್ದು. ಚರಕ ತೆಗೆದು ಚಕ್ರ ಇಟ್ಟರು ಅಂತ ಸುಮ್ನೆ ಹೇಳಿಬಿಡುತ್ತೇವಲ್ಲ, ಅದು ಅರ್ಧ ಸತ್ಯ. ಬಾವುಟ ಎರಡೂ ಕಡೆಯಿಂದ ಒಂದೇ ಥರ ಕಾಣಬೇಕು. ಒಂದು ಪಕ್ಕ ಚಕ್ರ, ಇನ್ನೊಂದು ಪಕ್ಕ ನೂಲು ಸುತ್ತುವ ಕದಿರು ಇರುವ ಚರಕ ಹಾಗೆ ಕಾಣುವುದಿಲ್ಲ. ಈ ತೊಡಕನ್ನು ನೆಹರೂ ಅವರೇ ಸಭೆಗೆ ವಿವರಿಸಿದರು. ಹಾಗಾಗಿ ವಿದುರಾಶ್ವತ್ಥದವರ ಚರಕ ಇವತ್ತಿನ ಬಾವುಟದಿಂದ ಹೋಗಿಲ್ಲ. ಅದೇ ಸಭೆಯಲ್ಲಿ ರಾಧಾಕೃಷ್ಣನ್ ಅವರೂ ಬಣ್ಣಗಳ ಬಗ್ಗೆ ಮಾತಾಡಿದರು. ಹಸಿರು ಅಂದರೆ ಮಣ್ಣಿನ ಜೊತೆ, ಗಿಡಮರದ ಜೊತೆ ನಮಗಿರುವ ನಂಟು ಎಂದರು. ಮಳೆಗೆ ಕಾಯುತ್ತಾ ರಾಗಿ ಬೆಳೆಯುವ ನಮ್ಮ ಸೀಮೆಗೆ ಅದಕ್ಕಿಂತ ಹತ್ತಿರದ ಅರ್ಥ ಬೇಕೇ?

ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ವಿದುರಾಶ್ವತ್ಥದಲ್ಲಿ ಆ ಹುತಾತ್ಮರ ನೆನಪಿಗಿರುವ ವೀರಸೌಧಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಎರಡು ಚಿತ್ರ ಜೊತೆಗಿರಲಿ. ಒಂದು 1931ರ ಚರಕದ ಬಾವುಟ, ಇನ್ನೊಂದು ಇವತ್ತಿನ ರಾಷ್ಟ್ರಧ್ವಜ. ಎರಡಕ್ಕೂ ಏನು ವ್ಯತ್ಯಾಸ, ಏನು ಉಳಿದಿದೆ ಅಂತ ಮಕ್ಕಳೇ ನೋಡಿ ಹೇಳಲಿ. ಸತ್ತವರು ಹಿಡಿದದ್ದು ಯಾವುದು ಎಂದು ಅವರು ಕೇಳುತ್ತಾರೆ. ಚರಕದ ಬಾವುಟವನ್ನೇ ತೋರಿಸಿ.

ನಮಸ್ಕಾರ.