ಎಮ್ಮೆ ಅಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ.

ಮಾತು ಒಂದು ಎಮ್ಮೆಯಿಂದ ಶುರುವಾಗಲಿ. ಗದಗ ಜಿಲ್ಲೆಯ ಲಕ್ಕುಂಡಿ. ಅಲ್ಲೊಂದು ಸಣ್ಣ ಹಳೇ ಗುಡಿ. ಗುಡಿಯ ಹಿಂಗೋಡೆಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ನಾಲ್ಕು ಮಾರು ಜಾಗ. ಆ ಜಾಗದಲ್ಲಿ ಎಮ್ಮೆ ಕಟ್ಟಿದ್ದರು. ನಾನು ಮೊಬೈಲ್ ಹಿಡಿದು ಆ ಕಡೆ ಹೋದೆ, ಈ ಕಡೆ ಬಂದೆ, ಕುಕ್ಕರುಗಾಲಲ್ಲಿ ಕೂತೂ ನೋಡಿದೆ. ಎಲ್ಲಿ ನಿಂತರೂ ಫೋಟೋದಲ್ಲಿ ಎಮ್ಮೆ. ಹಿತ್ತಲಲ್ಲಿ ಒಬ್ಬ ಅಜ್ಜಿ ಜೋಳ ಹಸನು ಮಾಡುತ್ತಿದ್ದರು. "ಅಮ್ಮಾ, ಎಮ್ಮಿ ಒಂಚೂರು ಆ ಕಡೆ ಕಟ್ಟತೀರೇನ್ರಿ? ಗುಡಿ ಫೋಟೋ ತೆಗೀಬೇಕಿತ್ತು" ಅಂದೆ. ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. "ಗುಡಿ ಎಲ್ಲಿ ಓಡಿ ಹೊಕ್ಕೈತಪ್ಪಾ? ಎಮ್ಮಿ ಮೇಯಾಕ ಹೋದ ಮ್ಯಾಲೆ ಬಾ" ಅಂದರು.

ನಾನು ಹುಬ್ಬಳ್ಳಿಯವನು. ಹಂಪಿಗೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಬಸ್ಸು ಗದಗ ದಾಟಿ ಲಕ್ಕುಂಡಿ ಮೇಲೇ ಹೋಗಿದೆ. ಕಿಟಕಿಯಲ್ಲಿ ಊರಿನ ಬೋರ್ಡು ಕಂಡಾಗ 'ಒಂದ್ಸಲ ಇಳಿಬೇಕು' ಅಂದುಕೊಳ್ಳುವುದು, ಆಮೇಲೆ ನಿದ್ದೆ ಹೋಗುವುದು. ಈ ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ರಜೆ ಹಾಕಿ, ಬರೀ ಬಸ್ಸಿನಲ್ಲೇ ತಿರುಗಾಡಿದೆ. ಪರದೇಶದವರು ಬ್ಯಾಗು ಹೊತ್ತು ಬರುತ್ತಾರಲ್ಲ, ಹಾಗೆ. ಫರಕು ಇಷ್ಟೇ, ನನಗೆ ದಾರಿ ಕೇಳಲು ಭಾಷೆ ಬರುತ್ತಿತ್ತು.

ಹಿಂಗಾರಿ ಜೋಳ ಹಾಲುಗಾಳಾಗಿ ನಿಂತಿದ್ದ ಹೊತ್ತು. ಎರೆಹೊಲಗಳಲ್ಲಿ ಕಡಲೆ, ನಡುನಡುವೆ ಮುಳ್ಳುಮುಳ್ಳಾದ ಕುಸುಬೆ. ಬಸ್ಸಿನಲ್ಲಿ ಹಸಿ ಕಡಲೆ ಗಿಡದ ಕಟ್ಟು ಹಿಡಿದು ಹತ್ತಿದವರು ಕೇಳದೇನೇ ನನ್ನ ಕೈಗೆ ಎರಡು ಗಿಡ ಕೊಟ್ಟರು. ಸುಲಗಾಯಿ ಸುಲಿದು ತಿನ್ನುತ್ತ ಕೂತರೆ ಗದಗದಿಂದ ಲಕ್ಕುಂಡಿ ಎಷ್ಟು ದೂರ? ಗಿಡ ಮುಗಿಯುವುದರೊಳಗೆ ಊರು ಬರುತ್ತದೆ. 12 ಕಿಲೋಮೀಟರ್ ಅಷ್ಟೇ.

ಲಕ್ಕುಂಡಿಯ ಹಳೇ ಹೆಸರು ಲೊಕ್ಕಿಗುಂಡಿ. ಇಲ್ಲಿ ಟಂಕಿಸಿದ ಚಿನ್ನದ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಅಂತಲೇ ಹೆಸರಿತ್ತು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳುತ್ತಾರೆ. ಎಣಿಸಲು ಹೋಗಬೇಡಿ. ಯಾಕೆಂದರೆ ಯಾವುದು ಗುಡಿ, ಯಾವುದು ಮನೆ ಅಂತ ಬಿಡಿಸಿ ಹೇಳುವುದೇ ಕಷ್ಟ. ಕಟ್ಟೆಗೆ ಹಾಸಿದ ಕಲ್ಲು ನೋಡಿದರೆ ಅದರ ಅಂಚಿನಲ್ಲಿ ಬಳ್ಳಿ ಕೆತ್ತಿರುತ್ತದೆ. ಬಟ್ಟೆ ಒಗೆಯುವ ಕಲ್ಲು ಯಾವುದೋ ಕಂಬದ ತಳಪಾಯ. ವೀರಗಲ್ಲಿಗೆ ಒರಗಿಸಿದ ಸೈಕಲ್ಲು. ಮೊದಲ ದಿನ ಇದನ್ನೆಲ್ಲ ನೋಡಿ ನನಗೆ ಸಂಕಟವಾಯಿತು. ಎರಡನೇ ದಿನ ಅಷ್ಟು ಆಗಲಿಲ್ಲ.

ಕಾಶಿ ವಿಶ್ವನಾಥ ಗುಡಿಯ ಬಾಗಿಲ ಮುಂದೆ ನಾನು ಒಂದು ತಾಸು ನಿಂತಿದ್ದೆ. ಉತ್ಪ್ರೇಕ್ಷೆ ಅಲ್ಲ, ಗಡಿಯಾರ ನೋಡಿ ಹೇಳುತ್ತಿದ್ದೇನೆ. ಬಾಗಿಲ ಚೌಕಟ್ಟಿಗೆ ಒಂದರ ಪಕ್ಕ ಒಂದು ಪಟ್ಟಿ, ಪ್ರತಿ ಪಟ್ಟಿಗೂ ಬೇರೆ ಬೇರೆ ಕುಸುರಿ. ಒಂದು ಕಡೆ ಬಳ್ಳಿಯ ಸುರುಳಿ ಹಿಂದಿನ ಕಲ್ಲಿನಿಂದ ಬಿಟ್ಟುಕೊಂಡು ನಿಂತಿದೆ. ಸುರುಳಿಯ ಹಿಂದೆ ನೆರಳು ಬಿದ್ದಿತ್ತು. ಆ ನೆರಳಿನಲ್ಲಿ ಒಂದು ಇರುವೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಂದು ಗೇಣು ಮೇಲೆ ಇನ್ನೊಂದು ಸುರುಳಿಯಿಂದ ಹೊರಗೆ ಬಂತು. ಅಷ್ಟುದ್ದಕ್ಕೂ ಕಲ್ಲನ್ನು ಹಿಂದಿನಿಂದ ಟೊಳ್ಳು ಮಾಡಿದ್ದಾನೆ ಆ ಪುಣ್ಯಾತ್ಮ! ಬೆಳಕೂ ಹೋಗದ ಜಾಗಕ್ಕೆ ಉಳಿ ಹೇಗೆ ಹೋಯಿತು?

ಇದಕ್ಕೆ ಅರ್ಧ ಉತ್ತರ ಕಲ್ಲಿನಲ್ಲೇ ಇದೆ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ದಪ್ಪ ದಪ್ಪ ಬಂಡೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ಸೀಮೆಯ ಕಲ್ಲುಕುಟಿಗರು ಬಳಪದ ಕಲ್ಲಿನ ಜಾತಿಯ, ಹಸಿರು ಮಿಶ್ರ ಬೂದು ಬಣ್ಣದ ಕಲ್ಲಿಗೆ ಕೈ ಹಾಕಿದರು. ಇದು ಮೆದು, ನುಣುಪು. ಹಾಗಾಗಿ ಕೆಲಸ ಕಟ್ಟಿಗೆಯ ಕೆತ್ತನೆಯಷ್ಟು ಸಣ್ಣದಾಯಿತು. ಕಂಬಗಳನ್ನಂತೂ ತಿರುಗಣಿಗೆ ಹಾಕಿ ಬುಗುರಿ ಕಡೆದ ಹಾಗೆ ಕಡೆದಿದ್ದಾರೆ. ಉಂಗುರ ಉಂಗುರ ಎದ್ದಿದೆ. ಉಳಿದರ್ಧ ಉತ್ತರ ಆ ಮನುಷ್ಯನ ಕೈಯಲ್ಲಿತ್ತು. ಅದು ಅವನ ಜೊತೆಗೇ ಹೋಯಿತು.

ಈ ಗುಡಿಯಲ್ಲಿ ಶಿವನ ಎದುರಿಗೆ ನಂದಿ ಇರಬೇಕಾದ ಕಡೆ ಸೂರ್ಯನಿಗೆ ಒಂದು ಗುಡಿ ಇದೆ. ಎದುರುಬದುರು ಮನೆಯವರ ಹಾಗೆ ಇಬ್ಬರೂ ಮುಖ ನೋಡಿಕೊಂಡಿದ್ದಾರೆ.

ಊರ ಇನ್ನೊಂದು ಕಡೆಗೆ ಬ್ರಹ್ಮ ಜಿನಾಲಯ. ಕಟ್ಟಿಸಿದವಳು ಅತ್ತಿಮಬ್ಬೆ. 1007ರ ಶಾಸನ ಇದೆ. ಗಂಡ ನಾಗದೇವ ಯುದ್ಧದಲ್ಲಿ ಸತ್ತ. ಅವನ ಇನ್ನೊಬ್ಬ ಹೆಂಡತಿ, ಇವಳ ತಂಗಿ ಗುಂಡಮಬ್ಬೆ, ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗನನ್ನು ಬೆಳೆಸಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು. ಪೊನ್ನನ ಶಾಂತಿಪುರಾಣ ಕಳೆದುಹೋದೀತು ಅಂತ ಅದರ 1000 ಪ್ರತಿ ಮಾಡಿಸಿ ಹಂಚಿದಳು. ಸಾವಿರ ಪ್ರತಿ ಅಂದರೆ ಈಗ ಮುದ್ರಣಾಲಯಕ್ಕೆ ಒಂದು ಮಧ್ಯಾಹ್ನದ ಕೆಲಸ. ಆಗ ಒಂದೊಂದು ಗರಿಯನ್ನೂ ಒಬ್ಬ ಮನುಷ್ಯ ಕೂತು ಕಂಟದಿಂದ ಕೊರೆಯಬೇಕು. ಎಷ್ಟು ಬೆನ್ನು ಬಾಗಿರಬೇಕು, ಅವರ ಊಟಕ್ಕೆ ಎಷ್ಟು ಜೋಳ ಬೀಸಿರಬೇಕು, ಅಲ್ವಾ? ನನಗೆ ಆ ಬಸದಿಯ ಕಂಬಕ್ಕಿಂತ ಈ ಲೆಕ್ಕವೇ ಜಾಸ್ತಿ ಹೊತ್ತು ತಲೆಯಲ್ಲಿ ಕೂತಿತು.

ಮುಸುಕಿನ ಬಾವಿಗೆ ಮಧ್ಯಾಹ್ನ ಹೋದೆ. ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡ ಮೆಟ್ಟಿಲ ಬಾವಿ. ಸುತ್ತ ಗೋಡೆಯಲ್ಲಿ ಪುಟ್ಟ ಪುಟ್ಟ ಗೂಡುಗುಡಿಗಳು. ನಾಲ್ಕು ಮೆಟ್ಟಿಲು ಇಳಿದರೆ ಸಾಕು, ಬಿಸಿಲು ಮೇಲೇ ಉಳಿಯುತ್ತದೆ. ಸುಮ್ನೆ ಕೂತೆ.

ಡಂಬಳಕ್ಕೆ ಹೋಗುವ ಬಸ್ಸು ತಪ್ಪಿಸಿಕೊಂಡೆ. ತಪ್ಪು ನನ್ನದೇ, ಮಿರ್ಚಿ ಬಜ್ಜಿಯದು. ಗದಗಿನಲ್ಲಿ ಬಸ್ ನಿಲ್ದಾಣದ ಹತ್ತಿರ ಬಿಸಿ ಬಾಣಲೆ ಮುಂದೆ ನಿಂತು 'ಇನ್ನೊಂದು ಪ್ಲೇಟ್' ಅನ್ನುವಷ್ಟರಲ್ಲಿ ಬಸ್ಸು ಹೋಗಿತ್ತು. ಸಿಕ್ಕ ಎರಡು ತಾಸಿನಲ್ಲಿ ವೀರನಾರಾಯಣ ಗುಡಿಗೆ ಹೋಗಿ ಬಂದೆ. ಕುಮಾರವ್ಯಾಸ ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು, ಬಟ್ಟೆ ಆರುವವರೆಗೆ ಮಾತ್ರ ಭಾರತ ಬರೆಯುತ್ತಿದ್ದ ಅಂತ ಹೇಳುತ್ತಾರಲ್ಲ, ಆ ಗುಡಿ. ಅವನು ಒರಗಿ ಕೂರುತ್ತಿದ್ದ ಕಂಬ ಅಂತ ಒಂದನ್ನು ತೋರಿಸುತ್ತಾರೆ. ಗದಗಿನ ಬಿಸಿಲಿಗೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ಆದರೂ ಹತ್ತು ಪರ್ವ ಬರೆದ!

ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದ ಆಕಾರ. ಗರ್ಭಗುಡಿಯ ಹೊರಗೋಡೆಗೆ 24 ಮೂಲೆಗಳ ನಕ್ಷೆ. ಇದು ಹೇಗೆ ಬರುತ್ತದೆ ಅಂತ ನಿಮಗೆ ನೋಡಬೇಕಿದ್ದರೆ ಚೌಕದ ಒಂದು ರಟ್ಟು ತಗೊಳ್ಳಿ. ನಟ್ಟನಡುವೆ ಗುಂಡುಸೂಜಿ ಚುಚ್ಚಿ. ನಾಲ್ಕು ಮೂಲೆ ಗುರುತು ಹಾಕಿ. ರಟ್ಟನ್ನು 15 ಡಿಗ್ರಿ ತಿರುಗಿಸಿ, ಮತ್ತೆ ಗುರುತು ಹಾಕಿ. ಹೀಗೆ ಆರು ಗುರುತು ಆದರೆ 24 ಮೂಲೆ. ರಟ್ಟಿನ ಮೇಲೆ ಇದು ಸಲೀಸು. ಅದೇ 24 ಮೂಲೆಗಳನ್ನು ಒಂದೂ ತಪ್ಪದ ಹಾಗೆ ಶಿಖರದ ತುದಿಯವರೆಗೆ ಒಯ್ಯಬೇಕಲ್ಲ, ಅಲ್ಲಿದೆ ಕೆಲಸ. ಸಂಜೆ ಬಿಸಿಲು ಓರೆಯಾದಾಗ ಒಂದು ಮೂಲೆಯ ನೆರಳು ಇನ್ನೊಂದರ ಮೇಲೆ ಬಿದ್ದು, ಗೋಡೆ ಮಡಿಕೆ ಮಡಿಕೆಯಾಗಿ ಮಡಚಿಟ್ಟ ಸೀರೆಯ ಹಾಗೆ ಕಾಣಿಸುತ್ತದೆ.

ಆ ಊರಿನ ಒಂದು ಕಲ್ಲುಕಟ್ಟೆಯ ಮೇಲೆ ಯಾರೋ ಎಂದೋ ಚೌಕಾಬಾರದ ಮನೆ ಗೀರಿದ್ದಾರೆ. ಗೀರು ಸವೆದು ನುಣ್ಣಗಾಗಿದೆ. ಇಬ್ಬರು ಹಿರಿಯರು ಅದರ ಮೇಲೆ ಹುಣಸೆ ಬೀಜ, ಹಂಚಿನ ಚೂರು ಇಟ್ಟು ಆಡುತ್ತಿದ್ದರು. ಯಾವ ಕಾಲದ್ದು ಈ ಮನೆ ಅಂದೆ. "ನಮ್ಮಪ್ಪನೂ ಇದರ ಮ್ಯಾಲೇ ಸೋತಾನ್ರಿ" ಅಂದರು ಒಬ್ಬರು. ನಾನೂ ಒಂದು ಆಟ ಆಡಿದೆ. ಸೋತೆ.

ಇದೇ ಡಂಬಳದಲ್ಲಿ 1095ರ ಶಾಸನವೊಂದು ಬೌದ್ಧರ ತಾರಾದೇವಿಯನ್ನು ಹೊಗಳುತ್ತದೆ. ಆಗ ಊರ ವ್ಯಾಪಾರಿಗಳು ಬೌದ್ಧ ವಿಹಾರ ಕಟ್ಟಿಸಿದ್ದರು. ಈಗ ಊರಿನ ದೊಡ್ಡ ಗದ್ದಲ ತೋಂಟದಾರ್ಯ ಮಠದ ಜಾತ್ರೆ. ಅದಕ್ಕೆ ರೊಟ್ಟಿ ಜಾತ್ರೆ ಅಂತಲೇ ಹೆಸರು. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಮಠಕ್ಕೆ ಬರುತ್ತದೆ. ಜೊತೆಗೆ ಭಜ್ಜಿ ಪಲ್ಯ, ಕರಿಂಡಿ. ಯಾವ ಜಾತಿ, ಯಾವ ಮತ ಅಂತ ಕೇಳದೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ನಾನು ಹೋದ ದಿನ ಜಾತ್ರೆ ಇರಲಿಲ್ಲ. ಕರಿಂಡಿಯ ರುಚಿ ಕೇಳಿಯೇ ಬಂದೆ.

ಈಗ ಒಂದು ಜಗಳದ ಮಾತು. ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಹಳೇ ಬಸವಣ್ಣನಿಗೆ ಆಯಿಲ್ ಪೇಂಟ್ ಬಳಿದಿದ್ದರು. ಮೈಗೆ ಬಿಳಿ, ಕೋಡಿಗೆ ಬಂಗಾರ, ಕಣ್ಣಿಗೆ ಕಪ್ಪು. ಕೊರಳ ಗೆಜ್ಜೆಸರದ ಒಂದು ಗೆಜ್ಜೆಯೂ ಕಾಣದಷ್ಟು ದಪ್ಪ. ನನಗೆ ಸಿಟ್ಟು ಬಂತು, ಹೇಳಿಯೂ ಬಿಟ್ಟೆ. ಅಲ್ಲಿದ್ದ ಹುಡುಗ ಹೇಳಿದ: "ಮನಿಗೆ ವರ್ಷಾ ಸುಣ್ಣ ಹಚ್ಚತೀವಿ, ದೇವರಿಗೆ ಬಿಡಾಕಾಗತೈತೇನ್ರಿ?" ಪೇಂಟು ತಪ್ಪು, ಈಗಲೂ ಹಾಗೇ ಹೇಳುತ್ತೇನೆ. ಆದರೆ ಬೇಲಿ ಹಾಕಿ, ಹುಲ್ಲು ಬೆಳೆಸಿ, ನೀಲಿ ಬೋರ್ಡು ನೆಟ್ಟು, ಸಂಜೆ ಬೀಗ ಜಡಿದ ಗುಡಿಗಳನ್ನೂ ನೋಡಿದೆ. ಒಂದು ಗೆಜ್ಜೆಯೂ ಹಾಳಾಗಿಲ್ಲ. ಕಟ್ಟೆಯ ಮೇಲೆ ಚೌಕಾಬಾರ ಆಡುವವರೂ ಇಲ್ಲ. ಎರಡೂ ಬೇಕು ಅನ್ನುವುದು ನನ್ನ ದುರಾಸೆ ಇರಬಹುದು.

ಹಾವೇರಿ ಕಡೆ ಹೆಚ್ಚು ದಿನ ಉಳಿಯಲಿಲ್ಲ. ಹಾನಗಲ್ಲಿನ ತಾರಕೇಶ್ವರನ ಕಮಲದ ಛತ್ತು ನೋಡಿ ಕುತ್ತಿಗೆ ನೋಯಿಸಿಕೊಂಡೆ. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಮುಕ್ತೇಶ್ವರನ ಗುಡಿ, ಅಂಗಳದಲ್ಲಿ ಎತ್ತರದ ಶಾಸನ ಕಲ್ಲುಗಳು. ಸಾಲು ಸಾಲು ಹಳಗನ್ನಡ. ಅಕ್ಷರ ಗುರುತು ಸಿಗುತ್ತವೆ, ಮಾತು ತಿಳಿಯುವುದಿಲ್ಲ. ದೂರದ ನೆಂಟರು ಬೇರೆ ಕೋಣೆಯಲ್ಲಿ ಮಾತಾಡಿದ ಹಾಗೆ. ದಾರಿಯುದ್ದಕ್ಕೂ ಗೋವಿನಜೋಳದ ರಾಶಿ. ಬ್ಯಾಡಗಿಯಲ್ಲಿ ಬಸ್ಸು ನಿಂತಾಗ ಒಳಗಿದ್ದವರೆಲ್ಲ ಒಟ್ಟಿಗೆ ಸೀನಿದೆವು. ಮೆಣಸಿನಕಾಯಿ ಸುಗ್ಗಿ.

ಲಕ್ಕುಂಡಿಯ ಅಜ್ಜಿಯ ಹತ್ತಿರ ಎರಡನೇ ದಿನ ಮತ್ತೆ ಹೋಗಿದ್ದೆ. ಎಮ್ಮೆ ಮೇಯಲು ಹೋಗಿತ್ತು. ಗುಡಿ ಒಂದೇ ನಿಂತಿತ್ತು. ಫೋಟೋ ತೆಗೆದೆ. ಯಾಕೋ ಬೋಳು ಬೋಳಾಗಿ ಬಂತು. ಅಜ್ಜಿ ಕೇಳಿದರು, "ಇಷ್ಟು ದೂರ ಗುಡಿ ನೋಡಾಕ ಬಂದೀಯಲ್ಲ, ನಿಮ್ಮೂರಾಗ ಗುಡಿ ಇಲ್ಲೇನು?"

ಇದೆ. ನಮ್ಮ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರ ಗುಡಿ ಇದೆ. ಚಾಲುಕ್ಯರ ಕಾಲದ್ದೇ. ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ. ಸುತ್ತ ಮನೆಗಳು. ನಮ್ಮ ಮನೆಯಿಂದ ಹತ್ತು ನಿಮಿಷ. ಅದರ ಓಣಿಯಲ್ಲಿ ಸಾವಿರ ಸಲ ಹೋಗಿದ್ದೇನೆ, ಒಳಗೆ ಹೋಗಿ ನಿಂತದ್ದಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಹೋದೆ. ಒಂದು ಬಾಗಿಲಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬಂದು, ಕಂಬದ ಉಂಗುರ ಎಣಿಸುತ್ತ ನಿಂತಿದ್ದೆ. ಕಾಲ ಹತ್ತಿರ ಟೆನಿಸ್ ಬಾಲ್ ಬಂದು ಬಿತ್ತು. ಕಾಂಪೌಂಡಿನ ಆಚೆಯಿಂದ ನಾಲ್ಕು ತಲೆ ಕಾಣಿಸಿದವು.

"ಅಂಕಲ್, ಬಾಲ್ ಒಗೀರೀ!"

ಒಗೆದೆ.