ಬನಿಯನ್ ತುಂಡು ಸಾಕು ಅನ್ನೋರಿಗೆ

ಸಂಜೆ ಹೊತ್ತು ಪೆಟ್ರೋಲ್ ಬಂಕಿನ ಎಲ್‌ಇಡಿ ದೀಪದ ಕೆಳಗೆ ನಿಮ್ಮ ಕಾರಿನ ಬಾನೆಟ್ ಒಮ್ಮೆ ಬಗ್ಗಿ ನೋಡಿ. ಬಣ್ಣ ಕಪ್ಪೋ ಕಡುನೀಲಿಯೋ ಆಗಿದ್ದರೆ ಹುಡುಕೋದೇ ಬೇಡ. ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೀರು ಕಾಣುತ್ತೆ. ಬೈಕಿನವನು ಉಜ್ಜಿಕೊಂಡು ಹೋದ ಗೀರು ಅಲ್ಲ ಅದು. ಬಹುಪಾಲು ನಾವೇ, ಬೆಳಿಗ್ಗೆ ಬೆಳಿಗ್ಗೆ, ಒರೆಸಿ ಒರೆಸಿ ಮಾಡಿದ್ದು. ಕಾರು ಒರೆಸೋಕೆ ಹಳೇ ಬನಿಯನ್ ತುಂಡು ಸಾಕಲ್ಲ ಅಂತೀರಾ? ಸಾಲದು, ಯಾವ ಬಟ್ಟೆ ಬೇಕು ಅಂತ ಹೇಳ್ತೀನಿ.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಹಳೇ ಬನಿಯನ್ನು, ಹಳೇ ಪಂಚೆ ಕೈಗೆ ಮೆತ್ತಗಿರಬಹುದು, ಆದರೆ ಅದರ ಮೈ ಸಪಾಟು. ತೊಳೆದ ಮೇಲೂ ಉಳಿದ ಒಂದು ಮರಳಿನ ಕಣ ಸಿಕ್ಕಿತು ಅಂದ್ರೆ ಅದಕ್ಕೆ ಬಟ್ಟೆಯೊಳಗೆ ಅವಿತುಕೊಳ್ಳೋಕೆ ಜಾಗ ಇಲ್ಲ. ಬಟ್ಟೆ ಮತ್ತು ಪೇಂಟಿನ ನಡುವೆ ಸಿಕ್ಕಿಕೊಂಡು ಬಾಗಿಲುದ್ದಕ್ಕೂ ಗೆರೆ ಎಳೆಯುತ್ತೆ. ಅಂಗಡಿಯವರು ದೊಡ್ಡದಾಗಿ ಹೇಳೋ ಶಾಮಿ ಅನ್ನೋ ಮೆತ್ತನೆ ಚರ್ಮ, ಡಬ್ಬಿಯಲ್ಲಿ ಸುರುಳಿ ಸುತ್ತಿ ಬರೋ ಸ್ಪಂಜಿನಂಥ ಹಳದಿ ಪಿವಿಎ ಹಾಳೆ, ಎರಡರದ್ದೂ ಇದೇ ಕಥೆ. ನೀರು ಚೆನ್ನಾಗಿ ಹೀರುತ್ತೆ, ನಿಜ. ಗಾಜಿಗೆ ಬಳಸಿ, ಪೇಂಟಿಗೆ ಬೇಡ.

ಪೇಂಟಿಗೆ ಬೇಕಾಗಿರೋದು ಮೈಕ್ರೋಫೈಬರ್, ಅಂದ್ರೆ ತೀರಾ ಸಣ್ಣ ಕೃತಕ ಎಳೆಗಳ ಬಟ್ಟೆ. ಅದರಲ್ಲೂ ಸೀಳಿದ ಎಳೆಯದ್ದು. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್, ಅಂದ್ರೆ ನೈಲಾನ್, ಎರಡನ್ನೂ ಸೇರಿಸಿ ಎಳೆ ತೆಗೆದು, ಆಮೇಲೆ ಅದನ್ನು ಕಿತ್ತಳೆ ತೊಳೆ ಬಿಡಿಸಿದ ಹಾಗೆ ಸೀಳಿರ್ತಾರೆ. ಆ ಸಂದುಗಳೇ ನೀರು ಹೀರೋದು. ಪ್ಯಾಕೆಟ್ ಮೇಲೆ 80/20 ಅಥವಾ 70/30 ಅಂತ ಇರುತ್ತಲ್ಲ, ಅದು ಕ್ರಮವಾಗಿ ಈ ಎರಡರ ಪ್ರಮಾಣ. ಕಾರು ಒಣಗಿಸೋಕೆ 70/30 ಸಿಕ್ಕರೆ ಒಳ್ಳೇದು. ಬರೀ ಪಾಲಿಯೆಸ್ಟರ್ ಆದರೆ ನೀರನ್ನು ಹೀರೋ ಬದಲು ಮುಂದಕ್ಕೆ ತಳ್ಳಿಕೊಂಡು ಹೋಗುತ್ತೆ.

ನೇಯ್ಗೆಯಲ್ಲಿ ನನ್ನ ಓಟು ಟ್ವಿಸ್ಟೆಡ್ ಲೂಪಿಗೆ. ಸಣ್ಣ ಸಣ್ಣ ಹುರಿ ಹಗ್ಗ ಸಾಲಾಗಿ ನಿಲ್ಲಿಸಿದ ಹಾಗಿರುತ್ತೆ, ಒದ್ದೆ ಪೇಂಟಿನ ಮೇಲೆ ಸಲೀಸಾಗಿ ಜಾರುತ್ತೆ. ದಟ್ಟ ರೋಮದ ಪ್ಲಶ್ ಟವಲ್ ಪರವಾಗಿಲ್ಲ, ಆದರೆ ಒದ್ದೆಯಾದ ಮೇಲೆ ಅಂಟಿಕೊಂಡು ಎಳೆಯುತ್ತೆ. ಚೌಕುಳಿ ನೇಯ್ಗೆಯ ವಾಫಲ್ ಗಾಜಿಗೆ ಸರಿ.

ಇನ್ನು ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅಷ್ಟೇ. ಆನ್‌ಲೈನಲ್ಲಿ ಎಲ್ಲರೂ 1200 ಅಂತ ಬರೀತಾರೆ. ನಂಬಬೇಡಿ, ಅಡುಗೆಮನೆ ತಕ್ಕಡಿ ತಗೊಳ್ಳಿ. 40ಕ್ಕೆ 60 ಸೆಂಟಿಮೀಟರ್ ಟವಲ್ ಅಂದ್ರೆ 0.24 ಚದರ ಮೀಟರ್. ನಿಜಕ್ಕೂ 1200 ಇದ್ದರೆ ಒಣಗಿರುವಾಗ 288 ಗ್ರಾಂ ತೂಗಬೇಕು. ತಕ್ಕಡಿ 200 ತೋರಿಸಿದರೆ ಅದು ಸುಮಾರು 830. ಅಂಚಿನ ಹೊಲಿಗೆ ಅಂತ ಐದು ಹತ್ತು ಗ್ರಾಂ ಆಚೀಚೆ ಆಗಬಹುದು, ಎಂಬತ್ತೆಂಟು ಆಗಲ್ಲ. ಅಂಥದ್ದನ್ನು ವಾಪಸ್ ಕಳಿಸಿ.

ಹಾಗಂತ ಬೆಡ್‌ಶೀಟಿನಷ್ಟು ದೊಡ್ಡದು ತಗೋಬೇಡಿ. 60ಕ್ಕೆ 90ರ ಟವಲ್ 1200 ಜಿಎಸ್‌ಎಂನಲ್ಲಿ ಒಣಗಿದ್ದಾಗಲೇ 650 ಗ್ರಾಂ. ಒಂದೂವರೆ ಲೀಟರ್ ನೀರು ಕುಡಿದರೆ ಎರಡು ಕೆಜಿ ದಾಟುತ್ತೆ. ಆ ಭಾರಕ್ಕೆ ಮೂಲೆ ಜಾರಿ ಟೈರಿಗೋ ನೆಲಕ್ಕೋ ತಾಗುತ್ತೆ. ನೆಲಕ್ಕೆ ಬಿದ್ದ ಟವಲ್ ಕೊಡವಿದರೆ ಆಯ್ತು ಅನ್ನೋ ಹಾಗಿಲ್ಲ, ಆವತ್ತಿನ ಮಟ್ಟಿಗೆ ಅದು ಪೇಂಟಿನ ಕೆಲಸಕ್ಕಿಲ್ಲ. ಹ್ಯಾಚ್‌ಬ್ಯಾಕಿಗೆ 40ಕ್ಕೆ 60ರ ಎರಡು ಟವಲ್ ಸಾಕು, ಎಸ್‌ಯುವಿಗೆ ಮೂರು. ಹೊಸದು ತಂದ ತಕ್ಷಣ ಲೇಬಲ್ ಕತ್ತರಿಸಿ, ಒಂದು ಸಲ ತೊಳೆದು, ಆಮೇಲೆ ಬಳಸಿ.

ಒರೆಸೋ ಮುಂಚೆ ಒಂದು ಉಪಾಯ. ಕೊನೆಯ ಸಲ ನೀರು ಬಿಡುವಾಗ ಪೈಪಿನ ನಾಝಲ್ ತೆಗೆದು, ರೂಫಿನ ಮೇಲಿಂದ ನಿಧಾನಕ್ಕೆ ಹರಿಯಬಿಡಿ. ನೀರು ಹಾಳೆಯ ಹಾಗೆ ಜಾರುತ್ತಾ ಬಹುತೇಕ ಹನಿಗಳನ್ನು ತನ್ನ ಜೊತೆಗೇ ಎಳ್ಕೊಂಡು ಹೋಗುತ್ತೆ. ಆಮೇಲೆ ಟವಲಿಗೆ ಒಂದೆರಡು ಸ್ಪ್ರೇ ನೀರು. ತುಸು ಪಸೆ ಇದ್ದರೇನೇ ಅದು ಬೇಗ ಹೀರೋದು. ರೂಫ್, ಗಾಜು, ಬಾನೆಟ್, ಡಿಕ್ಕಿ, ಬಾಗಿಲ ಮೇಲ್ಭಾಗ, ಈ ಕ್ರಮದಲ್ಲಿ ಹಾಸಿ, ಎರಡು ಮೂಲೆ ಹಿಡಿದು ನಿಮ್ಮ ಕಡೆಗೆ ಎಳ್ಕೊಳ್ಳಿ. ಒತ್ತಬೇಡಿ, ಟವಲಿನ ತೂಕವೇ ಸಾಕು. ಬಾಗಿಲಿನ ಕೆಳಗಿನ ಮೂರನೇ ಒಂದು ಭಾಗ, ಬಂಪರ್, ಬಾಗಿಲ ಸಂದು, ಇವಕ್ಕೆ ಬೇರೆ ಟವಲ್. ಚಕ್ರಕ್ಕೆ ಇನ್ನೊಂದು, ಬ್ರೇಕಿನ ಪುಡಿಯಲ್ಲಿ ಕಬ್ಬಿಣ ಇರುತ್ತೆ.

ತಾನೇ ಒಣಗಲಿ ಬಿಡಿ ಅನ್ನೋರಿಗೆ ಒಂದು ಮಾತು. ಬೆಂಗಳೂರಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬರೋದು ಬೋರ್‌ವೆಲ್ ನೀರು. ಗಡಸು ನೀರು ಬಿಸಿಲಿಗೆ ಆರಿದರೆ ಪಾತ್ರೆ ತಳದಲ್ಲಿ ಕಟ್ಟೋ ಅದೇ ಬಿಳಿ ಸುಣ್ಣ ಬಾನೆಟ್ ಮೇಲೆ ಉಂಗುರ ಉಂಗುರವಾಗಿ ಕೂರುತ್ತೆ. ಹೊಸ ಕರೆಯಾದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ತಕ್ಷಣ ತೊಳೆದರೆ ಹೋಗುತ್ತೆ. ವಾರಗಟ್ಟಲೆ ಬಿಟ್ಟದ್ದಕ್ಕೆ ಪಾಲಿಶೇ ಗತಿ.

ಬೆಳಗಿನ ಜಾವ ಬಂದು ಕಾರು ಒರೆಸಿ ಹೋಗೋರನ್ನು ಬೈಯೋದು ಸುಲಭ. ಹತ್ತಾರು ಕಾರಿಗೆ ಒಂದು ಬಕೆಟ್ಟು, ಒಂದು ಬಟ್ಟೆ, ಇನ್ನೇನು ಮಾಡ್ತಾರೆ? ನಿಮ್ಮ ಕಾರಿಗೆ ಅಂತಲೇ ಎರಡು ಟವಲ್ ಕೊಡಿ. ದಿನಾ ಧೂಳು ಒರೆಸೋದು ಬೇಡ, ವಾರಕ್ಕೊಂದು ಸಲ ನೀರು ಹಾಕಿ ತೊಳೀರಿ, ಸಂಬಳ ಅಷ್ಟೇ ಕೊಡ್ತೀನಿ ಅಂತ ಹೇಳಿ. ಕಾರಿಗೆ ಮಾಡಬಹುದಾದ ಅತಿ ಅಗ್ಗದ ಉಪಕಾರ ಇದು.

ಟವಲ್ ಸಾಯೋದು ಮಾತ್ರ ಮನೇಲಿ, ವಾಷಿಂಗ್ ಮಷಿನ್ ಒಳಗೆ. ಘಮಘಮ ಅನ್ನಲಿ ಅಂತ ಹಾಕ್ತೀರಲ್ಲ ಫ್ಯಾಬ್ರಿಕ್ ಕಂಡಿಷನರ್, ಅದು ಎಳೆಗಳ ಮೇಲೆ ಜಿಡ್ಡಿನ ಪದರ ಬಿಡುತ್ತೆ, ಸೀಳಿದ ಸಂದುಗಳೆಲ್ಲ ಮುಚ್ಚಿ ಹೋಗುತ್ತೆ. ಬ್ಲೀಚೂ ಬೇಡ. ಪುಡಿ ಸೋಪು ಗಡಸು ನೀರಲ್ಲಿ ಪೂರ್ತಿ ಕರಗಲ್ಲ, ಕಾಳು ಉಳಿಯುತ್ತೆ. ಲಿಕ್ವಿಡ್ ಡಿಟರ್ಜೆಂಟ್, ಮಾಮೂಲಿ ಹಾಕೋದರ ಅರ್ಧ, ನೀರು ಹೆಚ್ಚೆಂದರೆ 40 ಡಿಗ್ರಿ, ಒಂದು ಜಾಲಾಟ ಹೆಚ್ಚಿಗೆ. ಹತ್ತಿ ಬಟ್ಟೆ ಜೊತೆ ಹಾಕಿದರೆ ಅದರ ನೂಲೆಲ್ಲ ಇದಕ್ಕೆ ಅಂಟಿಕೊಳ್ಳುತ್ತೆ. ನೆರಳಲ್ಲಿ, ಧೂಳು ಬೀಳದ ಕಡೆ ಒಣಗಿಸಿ. ಡ್ರೈಯರ್ ಇದ್ದರೆ ಅತಿ ಕಡಿಮೆ ಬಿಸಿ. ಇಸ್ತ್ರಿ ಪೆಟ್ಟಿಗೆ ಹತ್ತಿರವೂ ಸುಳಿಯಬಾರದು, ಪ್ಲಾಸ್ಟಿಕ್ ಎಳೆ ಅದು, ತುದಿ ಕರಗಿದರೆ ಗಟ್ಟಿ ಮುಳ್ಳಾಗುತ್ತೆ. ಪೂರ್ತಿ ಒಣಗಿದ ಮೇಲೆ ಮುಚ್ಚಳದ ಡಬ್ಬಿಗೆ. ಒದ್ದೆಯದನ್ನು ಡಿಕ್ಕಿಗೆ ತುರುಕಿದರೆ ಎರಡು ದಿನಕ್ಕೆ ಮುಗ್ಗಲು ವಾಸನೆ.

ಪರೀಕ್ಷೆ ಬೇಕಾ? ಗ್ರಾನೈಟ್ ಕಟ್ಟೆ ಮೇಲೆ ಎರಡು ಚಮಚ ನೀರು ಚೆಲ್ಲಿ ಟವಲ್ ಒಮ್ಮೆ ಎಳೀರಿ. ಕಟ್ಟೆ ಒಣಗಿದರೆ ಸರಿ. ನೀರು ಟವಲಿನ ಮುಂದೆ ಓಡಿದರೆ ಎಳೆ ಮುಚ್ಚಿದೆ ಅಂತರ್ಥ. ಐದು ಲೀಟರ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಜಾಲಾಡಿ, ಮತ್ತೆ ನೋಡಿ. ಆಗಲೂ ಓಡಿದರೆ, ಅಥವಾ ಕೈಯಾಡಿಸಿದಾಗ ಚುಚ್ಚಿದರೆ, ಅಂಚಿಗೆ ಒಂದು ಕೆಂಪು ದಾರ ಹೊಲಿದು ಕೆಳಗಿನ ಕೆಲಸಕ್ಕೆ ಇಳಿಸಿ: ಮೊದಲು ಬಾಗಿಲ ಸಂದು, ಆಮೇಲೆ ಚಕ್ರ, ಕೊನೆಗೆ ಬೈಕಿನ ಚೈನು. ಚೈನಿನ ಗ್ರೀಸ್ ಹತ್ತಿದ್ದು ಮಾತ್ರ ಮತ್ತೆ ಮಷಿನ್ನಿಗೆ ಬರಬಾರದು, ಸೀದಾ ಕಸದ ಬುಟ್ಟಿಗೆ.